ಹೆಪ್ಪು ಯಾರ ಮನೆಯಲ್ಲಿದೆ?

ನಾವು ಮಕ್ಕಳು ಮೊಸರಿನ ಪಾತ್ರೆಯನ್ನು ಬಳಿದು ತಿಂದ ದಿನ ಅಮ್ಮ ನನ್ನ ಕೈಗೊಂದು ಪುಟ್ಟ ಲೋಟ ಕೊಟ್ಟು ಪಕ್ಕದ ಮನೆಗೆ ಓಡಿಸುತ್ತಿದ್ದಳು. ದೀಪ ಹಚ್ಚಿದ ಮೇಲೆ ಯಾರೂ ಮೊಸರು ಕೊಡುವುದಿಲ್ಲವಲ್ಲ, ಅದಕ್ಕೇ ಆ ಓಟ. ಪಕ್ಕದ ಮನೆಯವರು ಕೊಟ್ಟ ಹೆಪ್ಪು ಕೆಲವು ಸಲ ಹಿಂದಿನ ವಾರ ನಮ್ಮ ಮನೆಯಿಂದಲೇ ಹೋಗಿರುತ್ತಿತ್ತು. ಹಾಗಾಗಿ ಒಂದು ಮನೆಯ ಮೊಸರು ಕೆಟ್ಟರೂ ಕೇರಿಯ ಮೊಸರು ಕೆಡುತ್ತಿರಲಿಲ್ಲ. ಇದನ್ನು ಆಗ ಯಾರೂ ದೊಡ್ಡ ವಿಷಯವೆಂದು ತಿಳಿದಿರಲಿಲ್ಲ.

ಈಗ ಇದು ನೆನಪಾಗಲು ಕಾರಣವಿದೆ. ಅಮ್ಮನಿಗೆ ಬರುತ್ತಿದ್ದ ಸಂಪ್ರದಾಯದ ಹಾಡುಗಳನ್ನು, ಅರಿಶಿನ ಕುಟ್ಟುವುದರಿಂದ ಹಿಡಿದು ಹೆಣ್ಣೊಪ್ಪಿಸುವವರೆಗೆ ಅರವತ್ತಕ್ಕೂ ಹೆಚ್ಚು ಹಾಡುಗಳನ್ನು, ನಾನು 2007ರಿಂದ ಎರಡು ವರ್ಷ ಕೂತು ಬೆರಳಚ್ಚು ಮಾಡಿ ಅಂತರ್ಜಾಲದ ಒಂದು ಉಚಿತ ಪುಟದಲ್ಲಿ ಹಾಕಿದ್ದೆ. ಅಮ್ಮ ಹೇಳುವಳು, ನಾನು ಬರೆಯುವಳು. ಪುಟಕ್ಕೆ ಹೋಯಿತೆಂದರೆ ಭದ್ರವಾಯಿತೆಂದು ಬರೆದುಕೊಂಡ ಹಾಳೆಗಳನ್ನು ರದ್ದಿಗೆ ಹಾಕಿದೆ. ಅಮ್ಮ ತೀರಿಕೊಂಡ ನಾಲ್ಕು ವರ್ಷಕ್ಕೆ ಅಣ್ಣನ ಮಗಳ ಮದುವೆ ಬಂತು. ಹಿಂದಿನ ರಾತ್ರಿ ಹಾಡು ಹುಡುಕಿದರೆ ಪುಟವೇ ಇಲ್ಲ. ಆ ಕಂಪನಿ ಅಂಗಡಿ ಮುಚ್ಚಿ ಎಷ್ಟೋ ತಿಂಗಳಾಗಿತ್ತು. ಮುಚ್ಚುವ ಸೂಚನೆಯನ್ನು ನಾನು ತೆರೆಯುವುದನ್ನೇ ಬಿಟ್ಟಿದ್ದ ಹಳೆಯ ಇ-ಮೇಲ್ ವಿಳಾಸಕ್ಕೆ ಕಳಿಸಿದ್ದರು. ಅಮ್ಮನನ್ನು ಎರಡನೆಯ ಸಲ ಕಳೆದುಕೊಂಡಂತೆ ಉಗ್ರಾಣದಲ್ಲಿ ಕೂತು ಅತ್ತೆ.

ನನ್ನ ಅವಸ್ಥೆ ಕಂಡು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅಣ್ಣನ ಮಗ ಸಮಾಧಾನ ಹೇಳಿದ. “ಇನ್ಮೇಲೆ ಹೀಗಾಗೋದಿಲ್ಲ ಅತ್ತೆ. ಮುಂದಿನ ಇಂಟರ್ನೆಟ್ ವಿಕೇಂದ್ರೀಕೃತ. ಯಾವ ಕಂಪನಿಯ ಹಂಗೂ ಇಲ್ಲ. ನಿಮ್ಮದು ನಿಮ್ಮ ಕೈಯಲ್ಲೇ ಇರುತ್ತೆ.” ಕೇಳಲು ಹಿತವಾಗಿತ್ತು. ಆದರೆ ಕೈ ಸುಟ್ಟುಕೊಂಡವಳು ನಾನು. ಈ ಮಾತು ಎಷ್ಟು ನಿಜವೆಂದು ಅಂದಿನಿಂದ ಓದುತ್ತ ಬಂದಿದ್ದೇನೆ.

ಮೊದಲು ತಿಳಿದದ್ದು, ಇದು ಹೊಸ ಆಸೆಯೇ ಅಲ್ಲ ಎಂಬುದು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ವೆಬ್ಬನ್ನು ಕಲ್ಪಿಸಿದಾಗಲೇ ಅದಕ್ಕೆ ಯಜಮಾನನಿರಲಿಲ್ಲ. 1990ರಲ್ಲಿ ಅವರು ರೂಪಿಸಿದ ಮೊದಲ ಬ್ರೌಸರ್‌ನಲ್ಲಿ ಓದುವುದಷ್ಟೇ ಅಲ್ಲ, ಬರೆಯಲೂ ಬರುತ್ತಿತ್ತು. 1993ರ ಏಪ್ರಿಲ್ 30ರಂದು ಸರ್ನ್ ಅದನ್ನು ಯಾವ ಶುಲ್ಕವೂ ಇಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲಿ ಪುಟ ಇಟ್ಟುಕೊಂಡು ಇನ್ನೊಬ್ಬರ ಪುಟಕ್ಕೆ ಕೊಂಡಿ ಹಾಕಬಹುದಿತ್ತು. ನಮ್ಮ ಕೇರಿಯ ಹಾಗೆಯೇ.

ಆ ಕೇರಿ ಕೆಲವೇ ದೊಡ್ಡ ಛತ್ರಗಳಾದದ್ದು ಹೇಗೆ? ಯಾರೋ ನಮ್ಮನ್ನು ದಬ್ಬಿದರೆಂದರೆ ಸುಳ್ಳಾದೀತು. ನಾವೇ ಹೋದೆವು. ಸ್ವಂತ ಪುಟ ಇಟ್ಟುಕೊಂಡರೆ ಬಾಡಿಗೆ, ದುರಸ್ತಿ, ಕಾವಲು ಎಲ್ಲವೂ ತಲೆಗೆ ಬೀಳುತ್ತದೆ. ಛತ್ರದಲ್ಲಾದರೆ ಅದೆಲ್ಲ ಬಿಟ್ಟಿ. ಛತ್ರದವನು ಬಾಗಿಲು ಹಾಕಿದ ದಿನವೇ ಅದರ ಬೆಲೆ ಗೊತ್ತಾಗುವುದು. 1999ರಲ್ಲಿ ಯಾಹೂ ಕೊಂಡುಕೊಂಡ ಜಿಯೋಸಿಟೀಸ್, ಜಪಾನೊಂದನ್ನು ಬಿಟ್ಟು, 2009ರಲ್ಲಿ ಮುಚ್ಚಿತು. ನಮ್ಮ ಹುಡುಗ ಹುಡುಗಿಯರು ಮುಗಿಬಿದ್ದಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. 2021ರ ಅಕ್ಟೋಬರ್ 4ರ ರಾತ್ರಿ ನಿಮಗೂ ನೆನಪಿರಬಹುದು. ಒಂದೇ ಕಂಪನಿಯ ನಿರ್ವಹಣೆಯ ಕೆಲಸದಲ್ಲಾದ ಒಂದು ತಪ್ಪಿನಿಂದ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಮಲಗಿದವು. ಲೋಕದ ಹೆಪ್ಪೆಲ್ಲ ಒಂದೇ ಮನೆಯಲ್ಲಿದ್ದರೆ ಆಗುವುದು ಹೀಗೆಯೇ.

ಹಾಗಾಗಿ ವಿಕೇಂದ್ರೀಕರಣದವರು ಹೇಳುವ ರೋಗ ನಿಜ. ನನ್ನ ತಕರಾರು ಅವರು ಕೊಡುವ ಮದ್ದಿನ ಬಗ್ಗೆ.

ಒಂದು ಮದ್ದು ‘ವೆಬ್ 3’. ಬ್ಲಾಕ್‌ಚೈನ್ ಎಂಬ ಲೆಕ್ಕದ ಪುಸ್ತಕ, ಅದರ ಪ್ರತಿ ಸಾವಿರಾರು ಕಂಪ್ಯೂಟರುಗಳಲ್ಲಿ. ಒಬ್ಬನ ಪ್ರತಿ ಸುಟ್ಟರೂ ಉಳಿದವು ಇರುತ್ತವೆ. ಉಪಾಯವೇನೋ ಹೆಪ್ಪಿನದೇ. ಆದರೆ ಸಿಗ್ನಲ್ ಸಂದೇಶ ಸೇವೆಯನ್ನು ಕಟ್ಟಿದ ಮಾಕ್ಸಿ ಮಾರ್ಲಿನ್‌ಸ್ಪೈಕ್ ಇದನ್ನು ಸ್ವತಃ ಪರೀಕ್ಷಿಸಿ 2022ರ ಜನವರಿಯಲ್ಲಿ ಬರೆದ ಲೇಖನ ಕಣ್ಣು ತೆರೆಸುವಂಥದು. ಅವರು ಮಾಡಿದ ಒಂದು ಡಿಜಿಟಲ್ ಚಿತ್ರವನ್ನು ಓಪನ್‌ಸೀ ಎಂಬ ಮಾರುಕಟ್ಟೆ ತನ್ನ ಪಟ್ಟಿಯಿಂದ ತೆಗೆಯಿತು. ತೆಗೆದದ್ದೇ ತಡ, ಅವರದೇ ‘ಪರ್ಸ್‌’ನಲ್ಲಿಯೂ ಅದು ಕಾಣದಾಯಿತು! ಲೆಕ್ಕದ ಪುಸ್ತಕದಲ್ಲಿ ಅವರ ಹೆಸರು ಹಾಗೆಯೇ ಇತ್ತು. ಆದರೆ ಪರ್ಸು ಆ ಪುಸ್ತಕವನ್ನು ನೋಡದೆ ಮಾರುಕಟ್ಟೆಯನ್ನೇ ಕೇಳುತ್ತಿತ್ತು. ಜನರಿಗೆ ತಮ್ಮದೇ ಸರ್ವರ್ ನಡೆಸುವ ಮನಸ್ಸಿಲ್ಲ, ಎಂದಿಗೂ ಇರುವುದಿಲ್ಲ ಎಂಬುದು ಅವರ ವಾದ. ಪಹಣಿಯಲ್ಲಿ ಹೆಸರಿದ್ದೂ ಮನೆಯೊಳಗೆ ಕಾಲಿಡಲಾಗದ ಹೆಣ್ಣುಮಕ್ಕಳನ್ನು ಕಂಡ ನಮಗೆ ಇದರ ಅರ್ಥ ಬೇಗ ಆಗುತ್ತದೆ.

ಇನ್ನೊಂದು ಮದ್ದು ಇದಕ್ಕಿಂತ ಪ್ರಾಮಾಣಿಕವಾದದ್ದು. 2016ರಲ್ಲಿ ಜರ್ಮನಿಯ ಯುವಕ ಯೂಜೆನ್ ರೋಚ್ಕೋ ಆರಂಭಿಸಿದ ಮ್ಯಾಸ್ಟೊಡಾನ್ ಒಂದೇ ಛತ್ರವಲ್ಲ, ಸಾವಿರಾರು ಸಣ್ಣ ಮನೆಗಳು. ಒಂದು ಮನೆಯಲ್ಲಿದ್ದುಕೊಂಡೇ ಇನ್ನೊಂದು ಮನೆಯವರೊಡನೆ ಮಾತಾಡಬಹುದು. ಹೀಗೆ ಮಾತಾಡುವ ಆಕ್ಟಿವಿಟಿಪಬ್ ಎಂಬ ನಿಯಮಾವಳಿಗೆ 2018ರಲ್ಲಿ ವೆಬ್‌ನ ಮಾನದಂಡ ಸಂಸ್ಥೆಯ ಒಪ್ಪಿಗೆಯೂ ಸಿಕ್ಕಿತು. 2022ರಲ್ಲಿ ಎಲಾನ್ ಮಸ್ಕ್ ಟ್ವಿಟರ್ ಕೊಂಡಾಗ ಎಷ್ಟೋ ಜನ ಅಲ್ಲಿಗೆ ಗುಳೆ ಹೋದರು.

ಆದರೆ ಆ ಸಾವಿರ ಮನೆಗಳ ಕಸ ಗುಡಿಸುವವರು ಯಾರು? ಹೆಚ್ಚಿನ ಕಡೆ ಸಂಬಳವಿಲ್ಲದ ಸ್ವಯಂಸೇವಕರು. ಯಂತ್ರ ಕೆಟ್ಟರೆ ರಾತ್ರಿ ಎದ್ದು ನೋಡಬೇಕು, ಬಯ್ಗುಳ ಬರೆದವರನ್ನು ಹೊರಗೆ ಹಾಕಬೇಕು, ಬಾಡಿಗೆಯನ್ನು ಕೈಯಿಂದ ಕೊಡಬೇಕು. 2022ರ ಅಕ್ಟೋಬರ್‌ನಲ್ಲಿ ಅಂಥ ಒಂದು ದೊಡ್ಡ ಮನೆಯನ್ನು ನಡೆಸುತ್ತಿದ್ದವರು ತಮ್ಮ ಸಂಸಾರದ ತಾಪತ್ರಯದ ನಡುವೆ ಇನ್ನು ಆಗದೆಂದು ಹೇಳಿ ಮುಚ್ಚುವ ನಿರ್ಧಾರ ಮಾಡಿದರು. ಅವರನ್ನು ಹೇಗೆ ದೂರುವುದು? ಮ್ಯಾಸ್ಟೊಡಾನ್‌ನಲ್ಲಿ ಮನೆ ಬದಲಿಸುವವರು ತಮ್ಮ ಹಿಂಬಾಲಕರನ್ನು ಕರೆದೊಯ್ಯಬಹುದು. ಹಳೆಯ ಬರಹಗಳು ಮಾತ್ರ ಜೊತೆಗೆ ಬರುವುದಿಲ್ಲ. ಅಂದರೆ ನನ್ನ ಅಮ್ಮನ ಹಾಡುಗಳು ಅಲ್ಲಿದ್ದರೂ ಹಿಂದೆಯೇ ಉಳಿಯುತ್ತಿದ್ದವು.

ಅವಿಭಕ್ತ ಕುಟುಂಬ ಪಾಲಾಗುವುದನ್ನು ನಾನು ಎರಡು ಸಲ ನೋಡಿದ್ದೇನೆ. ಗಂಡಸರು ಜಗುಲಿಯಲ್ಲಿ ಕೂತು ಸ್ವಾತಂತ್ರ್ಯದ ಮಾತಾಡುತ್ತಾರೆ. ಮರುದಿನ ಒಂದು ಒಲೆಯಿದ್ದಲ್ಲಿ ಮೂರು ಒಲೆ, ಮೂರು ಬೀಸುವ ಕಲ್ಲು, ಊದುವ ಹೆಂಗಸರು ಮಾತ್ರ ಅವರೇ. ಪಾಲಾಗಬಾರದೆಂದು ಹೇಳುತ್ತಿಲ್ಲ. ಯಜಮಾನನ ಸೊಂಟದ ಬೀಗದ ಕೈ ಕೆಳಗಿಳಿಯಲೇಬೇಕಿತ್ತು. ಆದರೆ ಯಾವ ಪಾಲುಪಟ್ಟಿಯಲ್ಲೂ ಒಲೆ ಊದುವ ಕೆಲಸವನ್ನು ಯಾರೂ ಬರೆಯಲಿಲ್ಲ. ವಿಕೇಂದ್ರೀಕೃತ ಅಂತರ್ಜಾಲದ ಬಗ್ಗೆ ನಾನು ಓದಿದ ಬಹುಪಾಲು ಬರಹಗಳಲ್ಲೂ ಒಡೆತನದ ಮಾತಿದೆ, ಆರೈಕೆಯ ಮಾತಿಲ್ಲ. ಬರ್ನರ್ಸ್-ಲೀ ಅವರೇ ಮುಂದಿಟ್ಟಿರುವ ‘ಸಾಲಿಡ್’ ಯೋಜನೆಯಲ್ಲಿ ನಮ್ಮ ಮಾಹಿತಿ ನಮ್ಮದೇ ಡಬ್ಬಿಯಲ್ಲಿದ್ದು, ಬೇಕಾದವರು ನಮ್ಮನ್ನು ಕೇಳಿ ಪಡೆಯಬೇಕು. ಚೆಂದದ ಯೋಚನೆ. ಆ ಡಬ್ಬಿಗೆ ಇರುವೆ ಬಾರದಂತೆ ದಿನಾ ನೋಡುವವರು ಯಾರೆಂದು ನಾನು ಕೇಳುತ್ತೇನೆ.

ಹಾಗಾದರೆ ನಾವು ಏನು ಕೇಳಬೇಕು? ಮನೆಮನೆಗೆ ಸರ್ವರ್ ಬೇಕೆಂದಲ್ಲ. ಹೊರಡುವಾಗ ನಮ್ಮ ಪಾತ್ರೆ ಪಗಡ ತೆಗೆದುಕೊಂಡು ಹೋಗುವ ಹಕ್ಕು ಬೇಕೆಂದು. ಇದು ಆಗದ ಮಾತಲ್ಲ. 2011ರ ಜನವರಿ 20ರಿಂದ ದೇಶದೆಲ್ಲೆಡೆ ಮೊಬೈಲ್ ಕಂಪನಿ ಬದಲಿಸಿದರೂ ನಂಬರ್ ಉಳಿಸಿಕೊಳ್ಳಬಹುದು. ಅದರಿಂದ ಯಾವ ಆಕಾಶವೂ ಕಳಚಿ ಬೀಳಲಿಲ್ಲ. ಇ-ಮೇಲ್ ಯಾವ ಕಂಪನಿಯಿಂದ ಯಾವ ಕಂಪನಿಗಾದರೂ ಹೋಗುತ್ತದೆ. 2024ರ ಮಾರ್ಚ್‌ನಿಂದ ಐರೋಪ್ಯ ಒಕ್ಕೂಟದ ಕಾನೂನು ದೈತ್ಯ ಕಂಪನಿಗಳಿಗೆ ಇಂಥ ಕಟ್ಟಳೆ ಹಾಕಿದೆ. ಬಳಕೆದಾರರು ಮಾಹಿತಿ ಕೊಂಡೊಯ್ಯಲು ಬಿಡಬೇಕು, ವಾಟ್ಸಾಪ್ ಬೇರೆ ಸಂದೇಶ ಸೇವೆಗಳೂ ತನ್ನೊಡನೆ ಮಾತಾಡಲು ದಾರಿ ಬಿಡಬೇಕು. ಬ್ಲಾಕ್‌ಚೈನಿಗಿಂತ ಇಂಥ ಸಪ್ಪೆ ಕಾನೂನಿನಲ್ಲೇ ನನಗೆ ಹೆಚ್ಚು ನಂಬಿಕೆ.

ಕಾನೂನು ಬರುವ ತನಕ ನಮ್ಮ ಕೈಲಾಗುವುದೂ ಇದೆ. ಜಿಯೋಸಿಟೀಸ್ ಮುಚ್ಚುವ ಮುನ್ನ ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಸಾಧ್ಯವಾದಷ್ಟು ಪುಟಗಳನ್ನು ನಕಲು ಮಾಡಿ ಉಳಿಸಿತು. ನನ್ನ ಪುಟಕ್ಕೆ ಅಂಥವರು ಬರಲಿಲ್ಲ. ಆದರೆ ಮದುವೆಯ ದಿನ ಬೆಳಿಗ್ಗೆ ಚಿಕ್ಕಮ್ಮ ತನ್ನ ಚೀಲದಿಂದ ಒಂದು ನೋಟ್‌ಬುಕ್ ತೆಗೆದಳು. ತಮ್ಮ ಭಜನಾ ಮಂಡಳಿಗೆಂದು ನನ್ನ ಪುಟ ನೋಡಿ ಬರೆದುಕೊಂಡ ಹನ್ನೊಂದು ಹಾಡುಗಳು ಅದರಲ್ಲಿದ್ದವು. “ನಿನ್ನದೇ ಕಣೆ, ತಗೋ” ಎಂದಳು.

ಹನ್ನೊಂದೇ. ಉಳಿದ ಐವತ್ತು ಬರಲಿಲ್ಲ, ಬರುವುದೂ ಇಲ್ಲ. ಆ ಹನ್ನೊಂದನ್ನು ಐದು ಪ್ರತಿ ಮಾಡಿಸಿ ಐದು ಮನೆಗೆ ಕೊಟ್ಟಿದ್ದೇನೆ, ಕಂಪ್ಯೂಟರಿನಲ್ಲೂ ಎರಡು ಕಡೆ ಇಟ್ಟಿದ್ದೇನೆ. ವರ್ಷಕ್ಕೊಮ್ಮೆ, ಗೌರಿ ಹಬ್ಬದ ದಿನ, ಎಲ್ಲ ಕಡೆಯೂ ಇದೆಯೇ ಎಂದು ಫೋನು ಮಾಡಿ ಕೇಳುತ್ತೇನೆ. ಅಣ್ಣನ ಮಗ ನಗುತ್ತಾನೆ. ನಗಲಿ. ಮೊನ್ನೆ ಅವನೂ ಒಂದು ಪ್ರತಿ ಕೇಳಿ ಇಸಿದುಕೊಂಡು ಹೋದ.