ಕತ್ತರಿಗೆ ಸಿಕ್ಕಿದ್ದು, ಕತ್ತರಿಯಿಂದ ಉಳಿದದ್ದು

ತಪಸ್ಸುಕಾಲದ ಕೊನೆಯ ವಾರಗಳಲ್ಲಿ ನಮ್ಮ ಕರಾವಳಿಯ ಅನೇಕ ಚರ್ಚ್ ಮೈದಾನಗಳಲ್ಲಿ ಯೇಸುಸ್ವಾಮಿಯ ಯಾತನೆಯ ರೂಪಕವನ್ನು ಆಡುತ್ತಾರೆ. ಗೆತ್ಸೆಮನಿ ತೋಟದ ದೃಶ್ಯದಲ್ಲಿ ಯೂದನು ಮುಂದೆ ಬಂದು ಗುರುವಿಗೆ ಮುತ್ತಿಡುತ್ತಾನೆ. ಅಜ್ಜಿಯಂದಿರು ಕಣ್ಣೊರೆಸಿಕೊಳ್ಳುತ್ತಾರೆ, ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಾರೆ. ಗಂಡಸೊಬ್ಬನು ಗಂಡಸಿಗೆ ಮುತ್ತಿಡುವ ಈ ದೃಶ್ಯವನ್ನು ತೆಗೆದುಹಾಕಿರೆಂದು ಇಷ್ಟು ವರ್ಷಗಳಲ್ಲಿ ಯಾವ ತಂದೆತಾಯಿಯೂ ನನ್ನನ್ನು ಕೇಳಿಲ್ಲ. ಅದು ದ್ರೋಹದ ಮುತ್ತು. ಆದುದರಿಂದ ನಮ್ಮ ರಂಗದ ಮೇಲೆ ಅದಕ್ಕೆ ಸ್ಥಳವಿದೆ. ಅದೇ ಪ್ರೀತಿಯ ಮುತ್ತಾಗಿದ್ದರೆ ನಾವೇನು ಮಾಡುತ್ತಿದ್ದೆವು?

'ಕುಟುಂಬ ಸಮೇತ ನೋಡಬಹುದಾದ ನಾಟಕ' ಎಂಬ ಮಾತನ್ನು ಪ್ರಚಾರಪತ್ರಗಳಲ್ಲಿ ಓದುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ಇದನ್ನು ಚೆನ್ನಾಗಿ ಎತ್ತಿ ತೋರಿಸುವ ಪ್ರಸಂಗವೊಂದು 2016ರ ಜೂನ್ ತಿಂಗಳಲ್ಲಿ ಸಿಂಗಾಪುರದಲ್ಲಿ ನಡೆಯಿತು. ಅಲ್ಲಿನ ಎಸ್‌ಪ್ಲನೇಡ್ ರಂಗಮಂದಿರದಲ್ಲಿ 'ಲೆ ಮಿಸರಾಬ್ಲ್' ಎಂಬ ಪ್ರಖ್ಯಾತ ಸಂಗೀತ ನಾಟಕ ನಡೆಯುತ್ತಿತ್ತು. ಅದಕ್ಕೆ ಎಲ್ಲ ವಯಸ್ಸಿನವರೂ ನೋಡಬಹುದೆಂಬ 'ಸಾಮಾನ್ಯ' ಶ್ರೇಣಿಯ ಅನುಮತಿ ಇತ್ತು. ಅದರ ಒಂದು ಹಾಸ್ಯದ ಸನ್ನಿವೇಶದಲ್ಲಿ ಇಬ್ಬರು ಪುರುಷ ನಟರ ನಡುವೆ ಕ್ಷಣಮಾತ್ರದ ಮುತ್ತೊಂದು ಬಂತು. ಕೆಲವು ಪ್ರೇಕ್ಷಕರು ದೂರಿದರು. ಪರಿಶೀಲನೆಗೆ ಒಪ್ಪಿಸಿದ್ದ ಪ್ರತಿಯಲ್ಲಿ ಈ ಮುತ್ತು ಇರಲಿಲ್ಲವೆಂದೂ, ಅದನ್ನು ಉಳಿಸಿಕೊಳ್ಳುವುದಾದರೆ ಶ್ರೇಣಿ ಬದಲಾಗುವುದೆಂದೂ ಅಲ್ಲಿನ ಮಾಧ್ಯಮ ಪ್ರಾಧಿಕಾರ ತಿಳಿಸಿತು. ಏರ್ಪಾಡು ಮಾಡಿದವರು ಮುತ್ತನ್ನು ಕೈಬಿಟ್ಟರು. ನಾಟಕ ಮುಂದುವರಿಯಿತು.

ಇದರಲ್ಲಿ ಕಲೆಯ ಕೊಲೆಯಾಯಿತೆಂದು ನಾನು ಹೇಳಲಾರೆ. ವಿಕ್ಟರ್ ಹ್ಯೂಗೋನ 1862ರ ಕಾದಂಬರಿಗೂ ಆ ಮುತ್ತಿಗೂ ಯಾವ ಸಂಬಂಧವೂ ಇಲ್ಲ. ಅದು ನಗೆಗಾಗಿ ಸೇರಿಸಿದ್ದು. ಮಕ್ಕಳು ಏನನ್ನು ನೋಡಲಿದ್ದಾರೆಂದು ಮುಂಚಿತವಾಗಿ ತಿಳಿಯುವ ಹಕ್ಕು ತಂದೆತಾಯಿಗಳಿಗೆ ಇದೆ ಎಂಬುದರಲ್ಲಿಯೂ ನನಗೆ ಸಂಶಯವಿಲ್ಲ. ನನ್ನ ತಕರಾರು ಅಳತೆಗೋಲಿನದು. ಅದೇ ನಾಟಕದಲ್ಲಿ ಫಾಂಟೀನ್ ಎಂಬ ತಾಯಿ ಮಗುವಿನ ಹೊಟ್ಟೆಪಾಡಿಗಾಗಿ ಕೂದಲನ್ನೂ ಕೊನೆಗೆ ದೇಹವನ್ನೂ ಮಾರಿಕೊಳ್ಳುತ್ತಾಳೆ. ಪುಟ್ಟ ಹುಡುಗನೊಬ್ಬ ಗುಂಡೇಟಿಗೆ ಬಲಿಯಾಗುತ್ತಾನೆ. ಛತ್ರದ ಯಜಮಾನ ದಂಪತಿಗಳು ಕದಿಯುವುದನ್ನೂ ಮೋಸಮಾಡುವುದನ್ನೂ ತಮಾಷೆಯ ಹಾಡಾಗಿ ಹಾಡುತ್ತಾರೆ. ಇವೆಲ್ಲವೂ ಕುಟುಂಬಕ್ಕೆ ಯೋಗ್ಯವೆನಿಸಿದವು. ಆ ಒಂದು ಕ್ಷಣ ಮಾತ್ರ ಅಯೋಗ್ಯವೆನಿಸಿತು. ಹಾಗಾದರೆ ನಾವು ಅಳೆಯುತ್ತಿರುವುದು ಮಗುವಿಗಾಗುವ ಹಾನಿಯನ್ನೋ, ದೊಡ್ಡವರ ಮುಜುಗರವನ್ನೋ?

ಅನ್ಯರ ಕತ್ತರಿಯನ್ನು ಟೀಕಿಸುವ ಮೊದಲು ಧರ್ಮಸಭೆಯ ಮಗನಾದ ನಾನು ನಮ್ಮ ಮನೆಯ ಕತ್ತರಿಯನ್ನೂ ನೆನೆಯಬೇಕು. ಇದೇ 'ಲೆ ಮಿಸರಾಬ್ಲ್' ಕಾದಂಬರಿ 1864ರಲ್ಲಿ ಧರ್ಮಸಭೆಯ ನಿಷೇಧಿತ ಗ್ರಂಥಗಳ ಪಟ್ಟಿಗೆ ಸೇರಿತು. 1959ರವರೆಗೂ ಅದರಲ್ಲಿಯೇ ಇತ್ತು. ಆ ಪಟ್ಟಿಯೇ 1966ರಲ್ಲಿ ಕೊನೆಗೊಂಡಿತು. ಬೆಳ್ಳಿಯ ಪಾತ್ರೆಗಳನ್ನು ಕದ್ದವನಿಗೆ ಬೆಳ್ಳಿಯ ದೀಪಸ್ತಂಭಗಳನ್ನೂ ಕೊಟ್ಟು ಕಳುಹಿಸಿದ ಬಿಷಪ್ ಮಿರಿಯೆಲ್ ಅವರ ಕಥೆಯನ್ನು ನಿಮ್ಮಲ್ಲಿ ಅನೇಕರು ಶಾಲೆಯಲ್ಲಿ ಏಕಾಂಕವಾಗಿ ಓದಿರಬಹುದು. ಕ್ಷಮೆಯ ಕುರಿತು ಪ್ರಬೋಧನೆ ಮಾಡುವ ಗುರುಗಳು ಇಂದು ಆ ಕಥೆಯನ್ನು ಪ್ರೀತಿಯಿಂದ ಹೇಳುತ್ತಾರೆ. ಒಂದು ಕಾಲದಲ್ಲಿ ಓದಬಾರದೆಂದು ನಾವು ಮುಚ್ಚಿಟ್ಟ ಪುಸ್ತಕದಲ್ಲಿಯೇ ನಮ್ಮ ಶುಭಸಂದೇಶದ ಪರಿಮಳವಿತ್ತು. ಕತ್ತರಿ ಹಿಡಿದವರಿಗೆ ಇದೊಂದು ವಿನಯದ ಪಾಠ.

ನಮ್ಮ ನಾಡಿಗೆ ಬರೋಣ. ಯೆಹೂದಿ ತಂದೆಯೊಬ್ಬನ ಹೆಣ್ಣುಮಕ್ಕಳು ತಮ್ಮ ಬಾಳಸಂಗಾತಿಗಳನ್ನು ತಾವೇ ಆರಿಸಿಕೊಳ್ಳುವ ಕಥೆಯುಳ್ಳ 'ಫಿಡ್ಲರ್ ಆನ್ ದಿ ರೂಫ್' ಎಂಬ 1964ರ ಅಮೆರಿಕದ ಸಂಗೀತ ನಾಟಕವನ್ನು ಜಯಂತ ಕಾಯ್ಕಿಣಿಯವರು 'ಜೊತೆಗಿರುವನು ಚಂದಿರ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ಒಗ್ಗಿಸಿದ್ದಾರೆ. 2022ರ ಜುಲೈ ತಿಂಗಳಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಆನವಟ್ಟಿಯಲ್ಲಿ ಅದರ ಪ್ರದರ್ಶನ ನಡೆಯುತ್ತಿದ್ದಾಗ ಸಂಘಟನೆಯೊಂದರ ಕಾರ್ಯಕರ್ತರು ಒಳನುಗ್ಗಿ ಅದನ್ನು ಅರ್ಧದಲ್ಲಿಯೇ ನಿಲ್ಲಿಸಿದರು. ಅನ್ಯಧರ್ಮೀಯರ ನಡುವಿನ ಪ್ರೇಮ ಅವರಿಗೆ ಸಹಿಸಲಾರದ ವಿಷಯವಾಗಿತ್ತು. ಅಲ್ಲಿ ಕತ್ತರಿಗೆ ಸಿಕ್ಕಿದ್ದು ಬೇರೊಂದು ಬಗೆಯ ಪ್ರೀತಿ. ಆದರೆ ವಾದದ ಧಾಟಿ ಒಂದೇ: ನಮ್ಮ ಮಕ್ಕಳು ಇದನ್ನು ನೋಡಬಾರದು. ಆ ಸುದ್ದಿ ಓದಿ ನೊಂದುಕೊಂಡವರು ನಾವು. ಬೇರೆಯವರು ನಾಟಕ ನಿಲ್ಲಿಸಿದಾಗ ಅದು ಬಲಾತ್ಕಾರ, ನಾವು ದೃಶ್ಯ ತೆಗೆಸಿದಾಗ ಅದು ಸಂಸ್ಕಾರ ಎನ್ನುವುದಾದರೆ ಅದಕ್ಕೆ ಕಾರಣವನ್ನಾದರೂ ಕೊಡಬೇಕು.

ಕರಾವಳಿಯ ರಂಗಭೂಮಿಗೆ ಈ ವಿಷಯ ಹೊಸದೂ ಅಲ್ಲ. ಯಕ್ಷಗಾನದಲ್ಲಿ ಸ್ತ್ರೀವೇಷವನ್ನು ಪರಂಪರೆಯಿಂದಲೂ ಪುರುಷರೇ ಧರಿಸುತ್ತ ಬಂದಿದ್ದಾರೆ. ಮೋಹಿನಿಯ ಲಾಸ್ಯವನ್ನೂ ರಾಜರಾಣಿಯರ ಶೃಂಗಾರವನ್ನೂ ನಮ್ಮ ಹಿರಿಯರು ಮಕ್ಕಳುಮರಿಗಳೊಂದಿಗೆ ಬೆಳಗಿನವರೆಗೆ ನೋಡಿದರು, ಯಾರೂ ಕೆಡಲಿಲ್ಲ. ಆದರೆ ವೇಷ ಕಳಚಿದ ಮೇಲಿನ ಮನುಷ್ಯನ ಬಗ್ಗೆ ಮಾತೆತ್ತುವುದು ನಮಗೆ ಬಲು ಕಷ್ಟ. 2025ರ ನವೆಂಬರಿನಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಮೇಳಗಳಲ್ಲಿನ ಸಲಿಂಗ ಸಂಬಂಧಗಳ ಕುರಿತು ಆಡಿದ ಮಾತು ದೊಡ್ಡ ವಿವಾದವಾಯಿತು. ಕಲಾವಿದರ ಸಮೂಹಕ್ಕೇ ಒಂದು ಹಣೆಪಟ್ಟಿ ಅಂಟಿಸಿದಂತಾಯಿತೆಂದು ಅನೇಕರು ನೊಂದರು. ಆ ನೋವು ನ್ಯಾಯವಾದದ್ದೇ. ಆದರೆ ವಿವಾದದುದ್ದಕ್ಕೂ ಆ ಪದವನ್ನು ಬೈಗುಳವೆಂಬಂತೆ ಬಳಸಿದವರನ್ನು ಕಂಡಾಗ ನನಗೆ ಬೇರೊಂದು ನೋವಾಯಿತು. ಯಾವುದೋ ಮನೆಯ ಮೂಲೆಯಲ್ಲಿ ಕುಳಿತು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಹುಡುಗನ ಬಗ್ಗೆ ಎರಡೂ ಕಡೆಯವರು ಯೋಚಿಸಿದಂತೆ ಕಾಣಲಿಲ್ಲ.

ಅಂತಹ ಒಬ್ಬ ಹುಡುಗನ ವಿಷಯದಲ್ಲಿ ನಾನೇ ತಪ್ಪಿತಸ್ಥ. ಕೆಲವು ವರ್ಷಗಳ ಹಿಂದೆ ನಾನು ಸೇವೆಯಲ್ಲಿದ್ದ ಚರ್ಚೊಂದರ ವಾರ್ಷಿಕೋತ್ಸವಕ್ಕೆ ಯುವಜನರು ಹಾಡುಗಳುಳ್ಳ ನಾಟಕವೊಂದನ್ನು ಸಿದ್ಧಪಡಿಸಿದ್ದರು. ಹಸ್ತಪ್ರತಿಯನ್ನು ಓದಿ ಒಪ್ಪಿಗೆ ಕೊಡುವ ಹೊಣೆ ನನ್ನದಾಗಿತ್ತು. ಅದರಲ್ಲಿ ಕೊಲ್ಲಿ ರಾಷ್ಟ್ರಕ್ಕೆ ಹೊರಟ ಗೆಳೆಯನನ್ನು ಇನ್ನೊಬ್ಬ ಗೆಳೆಯ ಬೀಳ್ಕೊಡುವ ದೃಶ್ಯವಿತ್ತು. ಹಾಡಿನ ಕೊನೆಗೆ ಅವನನ್ನು ಅಪ್ಪಿ, ಹಣೆಗೆ ಮುತ್ತಿಟ್ಟು ಅಳುತ್ತಾನೆ. ಹಿರಿಯರೊಬ್ಬರು, "ಫಾದರ್, ಜನ ಬೇರೆ ಅರ್ಥ ಮಾಡಿಕೊಂಡಾರು" ಎಂದರು. ನಾನು ಮರುಮಾತಿಲ್ಲದೆ ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿದೆ. ಕೈ ಕುಲುಕಿ ಹೋದರೆ ಸಾಕು ಎಂದು ಬರೆದೆ. ಅದೇ ನಾಟಕದಲ್ಲಿ ಹೆಣ್ಣಿನಂತೆ ಬಳುಕುತ್ತ ನಡೆಯುವ ಅಡುಗೆಯವನೊಬ್ಬನ ಪಾತ್ರವಿತ್ತು. ಬಂದವರೆಲ್ಲ ಅವನನ್ನು ತಟ್ಟಿ, ಚಿವುಟಿ, ಅಡ್ಡಹೆಸರಿನಿಂದ ಕರೆದು ಹೋಗುತ್ತಾರೆ. ನಮ್ಮ ತುಳು, ಕೊಂಕಣಿ ಹಾಸ್ಯನಾಟಕಗಳಲ್ಲಿ ಇಂಥ ಪಾತ್ರ ನಿಮಗೂ ಪರಿಚಿತವೇ. ಅದರ ಒಂದು ಸಾಲಿಗೂ ನನ್ನ ಲೇಖನಿ ತಾಗಲಿಲ್ಲ. ಪ್ರದರ್ಶನದ ರಾತ್ರಿ ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಬಿದ್ದದ್ದು ಆ ಪಾತ್ರಕ್ಕೆ. ಮುಂದಿನ ಸಾಲಿನಲ್ಲಿ ಕುಳಿತು ನಾನೂ ನಕ್ಕಿದ್ದೆ.

ಬಹುಕಾಲದ ನಂತರ ಅದೇ ಊರಿನ ಯುವಕನೊಬ್ಬ ನನ್ನಲ್ಲಿ ಮಾತನಾಡಲು ಬಂದ. ಅದು ಪಾಪನಿವೇದನೆಯಲ್ಲ, ಹಂಚಿಕೊಳ್ಳಬಹುದೆಂದು ಅವನೇ ಹೇಳಿದುದರಿಂದ ಗುರುತು ಬಿಟ್ಟು ಬರೆಯುತ್ತಿದ್ದೇನೆ. ತನ್ನ ಮನಸ್ಸು ಒಲಿಯುವುದು ಹೆಣ್ಣುಮಕ್ಕಳ ಕಡೆಗಲ್ಲವೆಂದು ಅವನಿಗೆ ಶಾಲಾದಿನಗಳಲ್ಲಿಯೇ ತಿಳಿದಿತ್ತಂತೆ. ಮನೆಯಲ್ಲಿ ಹೇಳಿಕೊಳ್ಳುವ ಧೈರ್ಯವಿರಲಿಲ್ಲ. ಚರ್ಚಿನ ಗುರುಗಳಲ್ಲಿ ಹೇಳಿದರೆ ಹೇಗೆ ಎಂದು ಯೋಚಿಸುತ್ತಿದ್ದಾಗ ಆ ವಾರ್ಷಿಕೋತ್ಸವ ಬಂತು. "ಆ ರಾತ್ರಿ ನೀವು ನಗುತ್ತಿದ್ದುದನ್ನು ನೋಡಿದೆ, ಫಾದರ್. ಮತ್ತೆ ಬರಲಿಲ್ಲ," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಧರ್ಮಸಭೆಯ ಬೋಧನೆಯನ್ನು ಇಲ್ಲಿ ಮರೆಮಾಚಬೇಕಾಗಿಲ್ಲ. ವಿವಾಹವೆಂಬುದು ಗಂಡು ಹೆಣ್ಣಿನ ನಡುವಿನ ಒಡಂಬಡಿಕೆ. ಸಲಿಂಗ ಸಂಭೋಗವನ್ನು ಧರ್ಮಸಭೆ ಸಮ್ಮತಿಸುವುದಿಲ್ಲ. ಅದೇ ಧರ್ಮೋಪದೇಶ ಗ್ರಂಥದ 2358ನೆಯ ಪರಿಚ್ಛೇದ, ಇಂತಹ ಒಲವುಳ್ಳವರನ್ನು ಗೌರವದಿಂದ, ಅನುಕಂಪದಿಂದ, ಸೂಕ್ಷ್ಮತೆಯಿಂದ ಸ್ವೀಕರಿಸಬೇಕೆಂದೂ ಅವರ ವಿರುದ್ಧ ಅನ್ಯಾಯದ ಭೇದಭಾವದ ಯಾವ ಲಕ್ಷಣವೂ ಇರಕೂಡದೆಂದೂ ಬೋಧಿಸುತ್ತದೆ. ಮೊದಲನೆಯದನ್ನು ನೆನಪಿಟ್ಟು ಎರಡನೆಯದನ್ನು ಮರೆಯುವ ಸ್ವಾತಂತ್ರ್ಯ ನಮಗಿಲ್ಲ. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು 377ನೆಯ ಕಲಮನ್ನು ಎತ್ತಿಹಿಡಿದಾಗ ಆಗಿನ ಮುಂಬಯಿ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್ ಅವರು ಧರ್ಮಸಭೆ ಇವರನ್ನು ಅಪರಾಧಿಗಳೆಂದು ಎಣಿಸುವುದಿಲ್ಲವೆಂದು ಸ್ಪಷ್ಟಪಡಿಸಿದ್ದರು. ನ್ಯಾಯಾಲಯ ತನ್ನ ನಿಲುವನ್ನು ಬದಲಿಸಿದ್ದು 2018ರ ಸೆಪ್ಟೆಂಬರಿನಲ್ಲಿ. ದಿವಂಗತ ಜಗದ್ಗುರು ಫ್ರಾನ್ಸಿಸರೂ 2023ರ ಜನವರಿಯಲ್ಲಿ ಇದೇ ಮಾತನ್ನು ಜಗತ್ತಿಗೆ ಹೇಳಿದರು. ಬೋಧನೆಯ ಈ ಎರಡು ಭಾಗಗಳನ್ನು ನಮ್ಮ ರಂಗಕ್ಕೆ ಅನ್ವಯಿಸಿ ನೋಡಿದರೆ ನನ್ನ ಕೆಂಪು ಶಾಯಿ ಎರಡರಲ್ಲಿ ಒಂದನ್ನೂ ಪಾಲಿಸಿರಲಿಲ್ಲ. ಅದು ಅಳಿಸಿದ್ದು ಪಾಪವನ್ನಲ್ಲ, ವಾತ್ಸಲ್ಯವನ್ನು. ಉಳಿಸಿದ್ದು ಸದಾಚಾರವನ್ನಲ್ಲ, ಅಪಹಾಸ್ಯವನ್ನು.

ಈ ಭಯದಿಂದ ನಷ್ಟವಾಗುವುದು ಅಂತಹ ಯುವಕರಿಗೆ ಮಾತ್ರವಲ್ಲ. ದಾವೀದನೂ ಯೋನಾತಾನನೂ ಒಬ್ಬರಿಗೊಬ್ಬರು ಮುತ್ತಿಟ್ಟು ಅತ್ತು ಅಗಲಿದರೆಂದು ಸಮುವೇಲನ ಮೊದಲನೆಯ ಗ್ರಂಥದ 20ನೆಯ ಅಧ್ಯಾಯ ತಿಳಿಸುತ್ತದೆ. ಲೂಕನ 15ನೆಯ ಅಧ್ಯಾಯದ ತಂದೆ ಓಡಿಬಂದು ಹಿಂತಿರುಗಿದ ಮಗನನ್ನು ಅಪ್ಪಿ ಮುತ್ತಿಡುತ್ತಾನೆ. ಆದಿ ಕ್ರೈಸ್ತರು ಪವಿತ್ರ ಮುತ್ತಿನಿಂದ ಪರಸ್ಪರ ವಂದಿಸಬೇಕೆಂದು ಸಂತ ಪೌಲರು ಬರೆದರು. ಇವುಗಳನ್ನು ಇಂದು ನಮ್ಮ ಸಭಾಂಗಣದಲ್ಲಿ ಇದ್ದಂತೆಯೇ ಅಭಿನಯಿಸಿದರೆ ಹಿಂದಿನ ಸಾಲುಗಳಿಂದ ಶಿಳ್ಳೆ ಕೇಳಿಬಂದೀತು. ಗೆಳೆಯನ ಹೆಗಲ ಮೇಲೆ ಕೈಹಾಕಿ ನಡೆಯುತ್ತಿದ್ದ ಹುಡುಗರು ಈಗ ಯಾರಾದರೂ ಏನಾದರೂ ಅಂದುಕೊಂಡಾರೆಂದು ಕೈ ತೆಗೆಯುತ್ತಾರೆ. ತಂದೆ ಬೆಳೆದ ಮಗನನ್ನು ಅಪ್ಪಿಕೊಳ್ಳಲು ಹಿಂಜರಿಯುತ್ತಾನೆ. ಸಂಶಯವು ಒಂದು ಪ್ರೀತಿಯನ್ನು ಹುಡುಕಿಕೊಂಡು ಹೊರಟು ಎಲ್ಲ ಪ್ರೀತಿಯನ್ನೂ ಬಾಡಿಸುತ್ತದೆ.

ಹಾಗೆಂದು ಚರ್ಚಿನ ರಂಗದ ಮೇಲೆ ಏನು ಬೇಕಾದರೂ ಬರಲಿ ಎಂದು ನಾನು ವಾದಿಸುತ್ತಿಲ್ಲ. ಹಸ್ತಪ್ರತಿ ಓದುವವರು ಬೇಕು. ಮಕ್ಕಳ ವಯಸ್ಸಿಗೆ ತಕ್ಕ ವಿವೇಚನೆ ಬೇಕು. ದೊಡ್ಡವರಿಗೆ ಮಾತ್ರ ಹೊಂದುವ ನಾಟಕವನ್ನು ಹಾಗೆಂದು ಮೊದಲೇ ಪ್ರಕಟಿಸಬೇಕು. ಆದರೆ ಓದುವ ಧರ್ಮಗುರುಗಳೂ ಪಾಲನಾ ಸಮಿತಿಯವರೂ ಲೇಖನಿ ಎತ್ತುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಒಳ್ಳೆಯದು. ಈ ದೃಶ್ಯದಿಂದ ಮಗುವಿಗೆ ಕೇಡಾಗುವುದೇ, ಅಥವಾ ನನಗೆ ಮುಜುಗರವಾಗುವುದೇ? ಈ ನಗೆ ಯಾರ ಮೇಲೆ ಬೀಳುತ್ತದೆಯೋ ಅವನು ಇದೇ ಸಭಾಂಗಣದಲ್ಲಿ ತನ್ನ ತಾಯಿಯ ಪಕ್ಕದಲ್ಲಿ ಕುಳಿತಿದ್ದರೆ?

'ಕುಟುಂಬ' ಎಂದಾಗ ಅವನನ್ನು ಹೊರಗಿಟ್ಟು ಎಣಿಸುವುದು ನಮ್ಮ ರೂಢಿಯಾಗಿದೆ. ಆದರೆ ಅವನೂ ಯಾವುದೋ ಕುಟುಂಬದ ಮಗ. ನಮ್ಮ ನಡುವೆಯೇ ಜ್ಞಾನಸ್ನಾನ ಪಡೆದವನು. ನನ್ನನ್ನು ಕಾಣಲು ಬಂದ ಯುವಕ ಈಗ ದೂರದ ಊರಿನಲ್ಲಿ ದುಡಿಯುತ್ತಿದ್ದಾನೆ. ಕ್ರಿಸ್ಮಸ್‌ಗೆ ಫೋನ್ ಮಾಡುತ್ತಾನೆ. ಕಳೆದ ಸಲ, ಆ ನಾಟಕದಲ್ಲಿ ನಾನು ಹೊಡೆದುಹಾಕಿದ್ದ ದೃಶ್ಯದ ವಿಷಯವನ್ನು ಅವನಿಗೆ ತಿಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಇದ್ದಿದ್ದರೆ ಚೆನ್ನಾಗಿತ್ತು, ಫಾದರ್," ಎಂದಷ್ಟೇ ಹೇಳಿದ.