‘ಆರ್. ಯು. ಆರ್.’ ನಾಟಕದಲ್ಲಿ ದುಡಿಮೆಯ ವಿಚಾರ

ಚೆಕ್ ಭಾಷೆಯ ಲೇಖಕನಾದ ಕಾರೆಲ್ ಚಾಪೆಕನು (1890–1938) ‘ಆರ್. ಯು. ಆರ್.’ ಎಂಬ ನಾಟಕವನ್ನು 1920ರಲ್ಲಿ ಪ್ರಕಟಿಸಿದನು. ಮರುವರ್ಷದ ಜನವರಿ 25ರಂದು ಅದು ಪ್ರಾಗ್ ನಗರದ ರಾಷ್ಟ್ರೀಯ ರಂಗಮಂದಿರದಲ್ಲಿ ಆಡಲ್ಪಟ್ಟಿತು. 1922ರಲ್ಲಿ ನ್ಯೂಯಾರ್ಕಿಗೂ 1923ರಲ್ಲಿ ಲಂಡನ್ನಿಗೂ ಹೋಯಿತು. ‘ರೋಬೋಟ್’ ಎಂಬ ಶಬ್ದವನ್ನು ಲೋಕದ ಭಾಷೆಗಳಿಗೆಲ್ಲ ಕೊಟ್ಟದ್ದು ಈ ಕೃತಿಯೇ. ಕೃತಿಗಿಂತ ಶಬ್ದವೇ ಹೆಚ್ಚು ಪ್ರಸಿದ್ಧವಾಗಿ ಉಳಿಯಿತು. ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳು ಕಾರ್ಖಾನೆ ಕಚೇರಿಗಳ ಕೆಲಸವನ್ನು ಮಾರ್ಪಡಿಸುತ್ತಿರುವಾಗ ನಾಟಕದ ಹೆಸರೂ ಮತ್ತೆ ಕೇಳಿಬರುತ್ತಿದೆ. ಆದರೆ ಹೆಸರೆತ್ತುವವರಲ್ಲಿ ಬಹುಮಂದಿ ನೆನೆಯುವುದು ಒಂದೇ ಭಾಗವನ್ನು: ಮಾಡಿದ ವಸ್ತುವು ಮಾಡಿದವನ ಮೇಲೆ ತಿರುಗಿಬಿದ್ದು ಅವನನ್ನು ಕೊಂದ ಭಾಗವನ್ನು. ನಾಟಕದಲ್ಲಿ ಅತ್ಯಂತ ದುರ್ಬಲವಾದುದು ಆ ಭಾಗವೇ. ಅದರ ಸತ್ತ್ವವಿರುವುದು ಬೇರೊಂದು ಕಡೆ. ಅದರ ಲೋಪವಿರುವುದು ಇನ್ನೊಂದು ಕಡೆ. ಇವೆರಡೂ ಇಂದಿನ ದುಡಿಮೆಯ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದವು.

ಮೊದಲು ಶಬ್ದದ ವಿಚಾರ. ತನ್ನ ಕೃತಕ ಕೆಲಸಗಾರರಿಗೆ ಲ್ಯಾಟಿನ್ ಧಾತುವಿನಿಂದ ‘ಲಾಬೊರಿ’ ಎಂದು ಹೆಸರಿಡಲು ಚಾಪೆಕನು ಯೋಚಿಸಿದ್ದನು; ಅದು ಪುಸ್ತಕದ ಮಾತಿನಂತೆ ತೋರಿದ್ದರಿಂದ, ಚಿತ್ರಕಾರನಾದ ಅಣ್ಣ ಯೋಸೆಫನನ್ನು ಕೇಳಿದನು. ಅಣ್ಣನು ಬಾಯಲ್ಲಿ ಕಚ್ಚಿಕೊಂಡಿದ್ದ ಕುಂಚವನ್ನು ತೆಗೆಯದೆಯೇ ‘ಹಾಗಾದರೆ ರೋಬೋಟ್ ಎನ್ನು’ ಎಂದು ಗೊಣಗಿದನಂತೆ. ಈ ವೃತ್ತಾಂತವನ್ನು 1933ರಲ್ಲಿ ನಾಟಕಕಾರನೇ ಬರೆದು ತಿಳಿಸಿದ್ದಾನೆ. ಚೆಕ್ ಭಾಷೆಯಲ್ಲಿ ‘ರೊಬೊತ’ ಎಂದರೆ ರೈತನು ಜಮೀನ್ದಾರನ ಹೊಲದಲ್ಲಿ ಕೂಲಿಯಿಲ್ಲದೆ ಕಡ್ಡಾಯವಾಗಿ ಸಲ್ಲಿಸಬೇಕಾಗಿದ್ದ ದುಡಿಮೆ. ಆಸ್ಟ್ರಿಯಾ ಸಾಮ್ರಾಜ್ಯದಲ್ಲಿ ಅದು ರದ್ದಾದುದು 1848ರಲ್ಲಿ. ಸಂಸ್ಕೃತದಲ್ಲಿ ಇದಕ್ಕೆ ಸರಿಸಮನಾದ ಮಾತು ‘ವಿಷ್ಟಿ’. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು ಬರುತ್ತದೆ. ಅದರ ತದ್ಭವವೇ ಕನ್ನಡದ ‘ಬಿಟ್ಟಿ’. ಕನ್ನಡ ಶಾಸನಗಳಲ್ಲಿಯೂ ತೆರಿಗೆಗಳ ಸಾಲಿನಲ್ಲಿ ಬಿಟ್ಟಿಯ ಹೆಸರುಂಟು. ಹೀಗಿರುವಲ್ಲಿ ‘ರೋಬೋಟ್’ ಎಂಬುದನ್ನು ‘ಯಂತ್ರಮಾನವ’ ಎಂದು ಕನ್ನಡಿಸುವ ವಾಡಿಕೆಯು ಅರ್ಥವನ್ನೇ ಪಲ್ಲಟಗೊಳಿಸಿದೆ. ಮೂಲ ಶಬ್ದದಲ್ಲಿ ಯಂತ್ರವೂ ಇಲ್ಲ, ಮಾನವನೂ ಇಲ್ಲ. ಬಿಟ್ಟಿಯ ದುಡಿಮೆಯೊಂದೇ ಇದೆ. ನಾಟಕದ ರೋಬೋಟರು ಕಬ್ಬಿಣದವರೂ ಅಲ್ಲ. ಕಣಕದಂತೆ ದೊಡ್ಡ ತೊಟ್ಟಿಗಳಲ್ಲಿ ಕಲಸಿದ ಒಂದು ಜೀವದ್ರವ್ಯದಿಂದ ಅವರನ್ನು ಮಾಡಲಾಗುತ್ತದೆ, ನೋಡುವುದಕ್ಕೆ ಮನುಷ್ಯರೇ.

ಕಥಾವಸ್ತು ಇಂತಿದೆ. ಒಂದು ದೂರದ ದ್ವೀಪದಲ್ಲಿ ವೃದ್ಧ ರೋಸುಮನೆಂಬ ವಿಜ್ಞಾನಿಯು ಜೀವದಂತೆ ವರ್ತಿಸುವ ದ್ರವ್ಯವನ್ನು ಕಂಡುಹಿಡಿಯುತ್ತಾನೆ. ‘ರೋಸುಮ್’ ಎಂಬ ಹೆಸರು ಚೆಕ್ ಭಾಷೆಯಲ್ಲಿ ಬುದ್ಧಿಯೆಂಬ ಅರ್ಥದ ಮಾತನ್ನು ಧ್ವನಿಸುತ್ತದೆ. ದೇವರು ಅನಾವಶ್ಯಕನೆಂದು ತೋರಿಸುವುದಕ್ಕಾಗಿ ಈ ವೃದ್ಧನು ಮನುಷ್ಯನನ್ನು ಅಂಗಾಂಗವಾಗಿ ಅನುಕರಿಸಿ ಮಾಡಲು ಹೆಣಗುತ್ತಾನೆ. ಅವನ ತರುವಾಯ ಬಂದ ಕಿರಿಯ ರೋಸುಮನು ಎಂಜಿನಿಯರು; ಅವನಿಗೆ ಬೇಕಾದುದು ಕೆಲಸಗಾರ. ಮುಂದೆ ಅದೊಂದು ಭಾರಿ ಕಾರ್ಖಾನೆಯಾಗಿ, ರೋಬೋಟರು ಜಗತ್ತಿನ ಎಲ್ಲೆಡೆಗೂ ಮಾರಾಟವಾಗುತ್ತಾರೆ. ಹೆಲೆನಾ ಎಂಬ ತರುಣಿಯು ಅವರ ವಿಮೋಚನೆಗೆಂದು ದ್ವೀಪಕ್ಕೆ ಬಂದು, ಕಾರ್ಖಾನೆಯ ಮುಖ್ಯಾಧಿಕಾರಿ ಡೊಮಿನನನ್ನು ಮದುವೆಯಾಗುತ್ತಾಳೆ. ಹತ್ತು ವರ್ಷಗಳ ಮೇಲೆ ರೋಬೋಟರು ದಂಗೆಯೆದ್ದು ಮನುಷ್ಯಕುಲವನ್ನು ಕೊಲ್ಲುತ್ತಾರೆ. ಕೈಯಿಂದ ದುಡಿಯುವವನೆಂಬ ಕಾರಣಕ್ಕಾಗಿ ಆಲ್ಕ್ವಿಸ್ಟನೆಂಬ ಕಟ್ಟಡದ ಮೇಲ್ವಿಚಾರಕನೊಬ್ಬನನ್ನು ಉಳಿಸುತ್ತಾರೆ. ಕೊನೆಯಲ್ಲಿ ಇಬ್ಬರು ರೋಬೋಟರಲ್ಲಿ ಪ್ರೇಮವು ಮೊಳೆಯುತ್ತದೆ. ಆಲ್ಕ್ವಿಸ್ಟನು ಅವರನ್ನು ಹರಸಿ ಕಳುಹಿಸುತ್ತಾನೆ.

ಕೃತಿಯ ಸತ್ತ್ವವೆಲ್ಲ ಪೂರ್ವರಂಗದಲ್ಲಿದೆ. ಅಲ್ಲಿ ಡೊಮಿನನು ಕಿರಿಯ ರೋಸುಮನ ವಿಚಾರಸರಣಿಯನ್ನು ಹೆಲೆನಾಳಿಗೆ ವಿವರಿಸುವನು. ಮನುಷ್ಯನು ಸಂತೋಷಪಡುತ್ತಾನೆ, ಪಿಟೀಲು ಬಾರಿಸುತ್ತಾನೆ, ತಿರುಗಾಡಲು ಹೋಗಬೇಕೆನ್ನುತ್ತಾನೆ. ನೇಯುವುದಕ್ಕಾಗಲಿ ಲೆಕ್ಕ ಕೂಡುವುದಕ್ಕಾಗಲಿ ಇವು ಬೇಕೇ? ಬೇಡವೆಂದಾದರೆ ತೆಗೆದುಹಾಕುವುದು. ಹೀಗೆ ತೆಗೆಯುತ್ತ ತೆಗೆಯುತ್ತ ಉಳಿದುದೇ ರೋಬೋಟನು. ಅತ್ಯುತ್ತಮ ಕೆಲಸಗಾರನು ಯಾರೆಂದರೆ ಪ್ರಾಮಾಣಿಕನಲ್ಲ, ನಿಪುಣನಲ್ಲ, ಎಲ್ಲರಿಗಿಂತ ಅಗ್ಗವಾದವನು. ಈ ಮಾತನ್ನು ಡೊಮಿನನು ದುಷ್ಟನಂತೆ ಆಡುವುದಿಲ್ಲ. ಅವನು ಸಜ್ಜನ, ಬಡತನವು ನಾಶವಾಗಿ, ದುಡಿಮೆಯ ಶಾಪವು ಕಳೆದು, ಪ್ರತಿಯೊಬ್ಬನೂ ತನ್ನನ್ನು ತಾನು ಸಂಸ್ಕರಿಸಿಕೊಳ್ಳುವ ಕಾಲವು ಬರುವುದೆಂದು ಮನಸಾರೆ ನಂಬಿದವನು. ಚಾಪೆಕನ ಪ್ರತಿಭೆ ಇಲ್ಲಿ ಕಾಣುತ್ತದೆ. ದುಷ್ಟನ ಬಾಯಲ್ಲಿ ಇಟ್ಟಿದ್ದರೆ ಈ ತರ್ಕವು ಸುಲಭವಾಗಿ ಬಿದ್ದುಹೋಗುತ್ತಿತ್ತು.

ಹಾಸ್ಯವೂ ಇಲ್ಲಿಯೇ ಉತ್ತಮವಾಗಿದೆ. ಹೆಲೆನಾ ರೋಬೋಟ್ ಹೆಂಗಸನ್ನು ಮನುಷ್ಯಳೆಂದು ತಿಳಿದು ಮರುಗುತ್ತಾಳೆ. ಕಾರ್ಖಾನೆಯ ಅಧಿಕಾರಿಗಳನ್ನು ರೋಬೋಟರೆಂದು ತಿಳಿದು ಅವರಿಗೆ ಸ್ವಾತಂತ್ರ್ಯವನ್ನು ಬೋಧಿಸುತ್ತಾಳೆ. ಅಧಿಕಾರಿಗಳಿಗೂ ಆಳುಗಳಿಗೂ ಭೇದ ಕಾಣದೆಹೋದುದು ಬರಿಯ ವಿನೋದವಲ್ಲ. ಇನ್ನೊಂದು ಸಣ್ಣ ಸ್ವಾರಸ್ಯವುಂಟು. ಒಂದು ಜೋಡಿ ರೋಬೋಟರಿಗೆ ಮಾರಿಯಸ್, ಸುಲ್ಲಾ ಎಂದು ಹೆಸರಿಟ್ಟಿದ್ದಾರೆ. ಅವರು ರೋಮಿನ ಸೇನಾಪತಿಗಳು, ಪರಸ್ಪರ ಹಗೆಗಳು. ಡೊಮಿನನಾದರೋ ಅವರು ಪ್ರಣಯಿಗಳೆಂದು ತಿಳಿದಿದ್ದನು! ಲೋಕವನ್ನೇ ತಿದ್ದಹೊರಟವನ ಇತಿಹಾಸಜ್ಞಾನ ಇಷ್ಟು.

ಯಂತ್ರಪುರುಷರ ಕಲ್ಪನೆಯು ಭಾರತೀಯ ಸಾಹಿತ್ಯಕ್ಕೆ ಹೊಸದಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ರಚಿಸಿದ ಕಥಾಸರಿತ್ಸಾಗರದಲ್ಲಿ, ನರವಾಹನದತ್ತನು ಒಂದು ಪಟ್ಟಣವನ್ನು ಹೊಕ್ಕು ನೋಡುತ್ತಾನೆ: ವರ್ತಕರು, ಹೆಂಗಸರು, ಪುರಜನರು ಎಲ್ಲರೂ ಮರದ ಯಂತ್ರಗಳು. ಜೀವವುಳ್ಳವರಂತೆ ಚಲಿಸುತ್ತಾರೆ; ಮಾತಿಲ್ಲದಿರುವುದರಿಂದ ಮಾತ್ರ ನಿರ್ಜೀವರೆಂದು ತಿಳಿಯುತ್ತದೆ. ಅವುಗಳ ನಡುವೆ ಜೀವಂತನಾಗಿರುವವನು ರಾಜ್ಯಧರನೆಂಬ ಬಡಗಿಯೊಬ್ಬನೇ. ಊರನ್ನು ಬಿಟ್ಟು ಓಡಿಬಂದು, ಪಾಳುಬಿದ್ದ ಪಟ್ಟಣದಲ್ಲಿ ನೆಲಸಿ, ಅರಸನಂತೆ ಆಡಿಕೊಂಡಿರಲು ಅವನು ಅವುಗಳನ್ನು ಮಾಡಿಕೊಂಡನು. ನಾಟಕದ ಕಡೆಯ ಅಂಕದಲ್ಲಿ ಆಲ್ಕ್ವಿಸ್ಟನೂ ಹಾಗೆಯೇ, ಮನುಷ್ಯರಿಲ್ಲದ ಲೋಕದಲ್ಲಿ ರೋಬೋಟರ ನಡುವೆ ಒಬ್ಬನೇ ಉಳಿಯುತ್ತಾನೆ. ಆದರೆ ಬಡಗಿಯು ಮೊದಲು ಒಂಟಿಯಾದನು, ಆಮೇಲೆ ಯಂತ್ರಗಳು ಬಂದವು. ಚಾಪೆಕನಲ್ಲಿ ಯಂತ್ರಗಳು ಬಂದುದರಿಂದಲೇ ಮನುಷ್ಯನು ಒಂಟಿಯಾದನು. ಸೋಮದೇವನದು ಅದ್ಭುತರಸ, ಅಲ್ಲಿ ಯಾರ ಕೂಲಿಯೂ ಹೋಗುವುದಿಲ್ಲ.

ಪೂರ್ವರಂಗದ ಬಳಿಕ ಕೃತಿಯು ಇಳಿಮುಖವಾಗುತ್ತದೆ. ರೋಬೋಟರು ದಂಗೆಯೇಳುವುದಕ್ಕೆ ಕಾರಣವೇನು? ಹೆಲೆನಾಳ ಬೇಡಿಕೆಯಂತೆ ಡಾಕ್ಟರ್ ಗಾಲ್ ಎಂಬವನು ಕೆಲವರ ರಚನೆಯನ್ನು ಬದಲಿಸಿ ಅವರಲ್ಲಿ ಆತ್ಮದ ಅಂಕುರವನ್ನುಂಟುಮಾಡಿದನು. ಇದು ಬೀಜದಿಂದ ಬೆಳೆದ ಫಲವಲ್ಲ, ಹೊರಗಿನಿಂದ ತಂದು ಕಟ್ಟಿದ್ದು. ಅಗ್ಗದ ತರ್ಕವು ತನ್ನಷ್ಟಕ್ಕೆ ಎಲ್ಲಿಗೆ ಮುಟ್ಟುತ್ತದೆಂದು ತೋರಿಸಬೇಕಾದಲ್ಲಿ ನಾಟಕಕಾರನು ಬಂದೂಕನ್ನೂ ಬೆಂಕಿಯನ್ನೂ ವಿದ್ಯುತ್ತಿನ ಬೇಲಿಯನ್ನೂ ತಂದಿದ್ದಾನೆ. ನಿರ್ವಹಣದಲ್ಲಿ ಭಯಾನಕವು ಥಟ್ಟನೆ ಶೃಂಗಾರಕ್ಕೆ ತಿರುಗುವುದೂ ಔಚಿತ್ಯಕ್ಕೆ ಹೊಂದುವುದಿಲ್ಲ. ಒಂದು ಕುಲವೇ ಅಳಿದ ಮೇಲೆ ಇಬ್ಬರ ಪ್ರೇಮದಿಂದ ಪ್ರೇಕ್ಷಕನ ಮನಸ್ಸು ಶಾಂತವಾಗಬೇಕೆಂದು ಬಯಸುವುದು ಹೆಚ್ಚಿನ ಬಯಕೆ.

ಇದಕ್ಕಿಂತಲೂ ದೊಡ್ಡದಾದ ಲೋಪವೊಂದಿದೆ. 1923ರಲ್ಲಿ ಲಂಡನ್ನಿನಲ್ಲಿ ಬರ್ನಾರ್ಡ್ ಷಾ, ಚೆಸ್ಟರ್ಟನ್ ಮೊದಲಾದವರು ಈ ನಾಟಕವನ್ನು ಕುರಿತು ಚರ್ಚಿಸಿದಾಗ ಚಾಪೆಕನು ಒಂದು ಉತ್ತರವನ್ನು ಬರೆದನು. ತನ್ನ ನಾಟಕದಲ್ಲಿ ಸತ್ಯಕ್ಕೂ ಅಸತ್ಯಕ್ಕೂ ಹೋರಾಟವಿಲ್ಲ. ಒಂದು ಸತ್ಯಕ್ಕೂ ಇನ್ನೊಂದು ಸತ್ಯಕ್ಕೂ ಹೋರಾಟವಿದೆ. ಡೊಮಿನನ ಮಾತೂ ನಿಜ, ಆಲ್ಕ್ವಿಸ್ಟನ ಮಾತೂ ನಿಜ ಎಂಬುದು ಅದರ ತಾತ್ಪರ್ಯ. ಒಳ್ಳೆಯ ನಾಟಕಧರ್ಮವೇ ಸರಿ. ಆದರೆ ಎಲ್ಲ ಪಕ್ಷಗಳಿಗೂ ನ್ಯಾಯವೆಂದಮೇಲೆ ಎಲ್ಲ ಪಕ್ಷದವರನ್ನೂ ಸಭೆಗೆ ಕರೆಯಬೇಡವೇ? ರಂಗದ ಮೇಲೆ ಅಧಿಕಾರಿಗಳಿದ್ದಾರೆ, ಅಧ್ಯಕ್ಷನ ಮಗಳಿದ್ದಾಳೆ, ಮನೆಯ ದಾದಿಯಿದ್ದಾಳೆ, ರೋಬೋಟರಿದ್ದಾರೆ. ರೋಬೋಟನು ಬಂದುದರಿಂದ ಕೆಲಸ ಕಳೆದುಕೊಂಡ ಕೂಲಿಕಾರನು ಒಬ್ಬನೂ ಇಲ್ಲ. ಕೆಲಸಗಾರರು ರೋಬೋಟರನ್ನು ಒಡೆದುಹಾಕಿದರು, ಜನರು ರೋಬೋಟರ ಕೈಗೆ ಆಯುಧಗಳನ್ನು ಕೊಟ್ಟು ಆ ಕೆಲಸಗಾರರನ್ನು ಅಡಗಿಸಿದರು ಎಂಬ ಘೋರವಾರ್ತೆಯು ಸಂಭಾಷಣೆಯ ನಡುವೆ ನಾಲ್ಕು ಮಾತುಗಳಲ್ಲಿ ಬಂದು ಹೋಗುತ್ತದೆ. ನಾಟಕದ ನಿಜವಾದ ಎರಡನೆಯ ಅಂಕವು ಅಲ್ಲಿತ್ತು. ಚಾಪೆಕನು ಅದನ್ನು ತೆರೆಯ ಹಿಂದೆಯೇ ಮುಗಿಸಿಬಿಟ್ಟನು.

ಶತಮಾನ ಕಳೆದ ಮೇಲೂ ಈ ಪಾತ್ರವು ತೆರೆಯ ಹಿಂದೆಯೇ ನಿಂತಿರುವುದನ್ನು ಇಂದಿನ ಚರ್ಚೆಗಳಲ್ಲಿ ಕಾಣಬಹುದು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಎಂಬ ಮಾತಾಡುವ ಯಂತ್ರವು ಸಾರ್ವಜನಿಕರ ಕೈಗೆ ಬಂದಿತು. ಸೋಮದೇವನ ಮರದ ಬೊಂಬೆಗಳಿಗೆ ಇಲ್ಲದಿದ್ದ ಮಾತು ಯಂತ್ರಕ್ಕೆ ಬಂದುದರಿಂದ, ಮಾತನ್ನೇ ನೆಚ್ಚಿದ ವೃತ್ತಿಗಳಿಗೂ, ಅಂದರೆ ಗುಮಾಸ್ತರು, ಅನುವಾದಕರು, ಕರಡು ತಿದ್ದುವವರು, ಲೇಖಕರು ಇವರಿಗೂ, ನೇಕಾರರಿಗೆ ಹಿಂದೆಯೇ ಬಂದಿದ್ದ ಚಿಂತೆಯು ಬಂದಿತು. 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯು ಜಗತ್ತಿನ ಉದ್ಯೋಗಗಳಲ್ಲಿ ಸುಮಾರು ಶೇಕಡ 40ರಷ್ಟು ಕೃತಕ ಬುದ್ಧಿಮತ್ತೆಯ ಪ್ರಭಾವಕ್ಕೆ ಒಳಗಾಗಬಲ್ಲವೆಂದು ಅಂದಾಜುಮಾಡಿತು. ಆ ವರದಿಯಲ್ಲಿ ಎಣಿಕೆಯಾದುದು ಉದ್ಯೋಗ. ಉದ್ಯೋಗವನ್ನು ಮಾಡುವವನ ಧ್ವನಿ ಅದರಲ್ಲಿ ಕೇಳಿಸದು.

ಬೇಡವಾದುದನ್ನು ತೆಗೆದುಹಾಕುವ ಕಿರಿಯ ರೋಸುಮನ ತರ್ಕವು ಎಲ್ಲೆಡೆಯಲ್ಲಿಯೂ ಗೆದ್ದಿದೆಯೆಂದು ಹೇಳಲಾಗದು. ಕೃತಕ ಬುದ್ಧಿಮತ್ತೆಯ ಆಚಾರ್ಯರಲ್ಲೊಬ್ಬನಾದ ಜೆಫ್ರಿ ಹಿಂಟನನು, ಎಕ್ಸ್‌ರೇ ಮೊದಲಾದ ಚಿತ್ರಗಳನ್ನು ನೋಡಿ ರೋಗವನ್ನು ಗುರುತಿಸುವ ವೈದ್ಯರಿಗೆ ಶಿಕ್ಷಣ ಕೊಡುವುದನ್ನು ಇನ್ನು ನಿಲ್ಲಿಸಬಹುದೆಂದು 2016ರಲ್ಲಿ ಹೇಳಿದನು. ಐದು ವರ್ಷಗಳಲ್ಲಿ ಯಂತ್ರವು ಅವರನ್ನು ಮೀರಿಸುವುದೆಂಬುದು ಅವನ ಎಣಿಕೆ. ಐದು ವರ್ಷಗಳು ಕಳೆದವು. ಆ ವೈದ್ಯರು ಆಸ್ಪತ್ರೆಗಳಲ್ಲಿ ಇನ್ನೂ ಇದ್ದಾರೆ. ಚಿತ್ರವನ್ನು ನೋಡುವುದು ಅವರ ಕೆಲಸದ ಒಂದು ಅಂಶ. ಶಸ್ತ್ರವೈದ್ಯನೊಡನೆ ಸಮಾಲೋಚಿಸುವುದು, ಸಂದೇಹ ಬಂದಲ್ಲಿ ಮತ್ತೊಂದು ಪರೀಕ್ಷೆ ಬೇಕೆನ್ನುವುದು, ತೀರ್ಪಿಗೆ ಹೊಣೆಯಾಗುವುದು, ಇವೂ ಅದರೊಳಗೇ ಇದ್ದವು. ಪಿಟೀಲನ್ನು ತೆಗೆದರೆ ಲೆಕ್ಕಕ್ಕೆ ನಷ್ಟವಿಲ್ಲವೆಂಬ ಮಾತು ಹೇಳಿದಷ್ಟು ಸುಲಭವಾಗಿ ಸಿದ್ಧವಾಗಲಿಲ್ಲ.

ತೆರೆಯ ಹಿಂದಿನ ಕೆಲಸಗಾರನು ತಾನಾಗಿಯೇ ರಂಗಕ್ಕೆ ಬಂದ ಪ್ರಸಂಗವೂ ಒಂದು ನಡೆದಿದೆ. ಅಮೆರಿಕದ ಚಲನಚಿತ್ರ ದೂರದರ್ಶನಗಳ ಬರಹಗಾರರು ಸುಮಾರು 11,500 ಮಂದಿ 2023ರ ಮೇ 2ರಿಂದ ಮುಷ್ಕರ ಹೂಡಿ, 148 ದಿನಗಳ ಮೇಲೆ ಸೆಪ್ಟೆಂಬರ್ 27ರಂದು ಅದನ್ನು ನಿಲ್ಲಿಸಿದರು. ಸಂಬಳ ಸಂಭಾವನೆಗಳ ಬೇಡಿಕೆಗಳು ಹಲವಿದ್ದವು; ಕೃತಕ ಬುದ್ಧಿಮತ್ತೆಯದು ಅವುಗಳಲ್ಲೊಂದು. ಯಂತ್ರವು ಹೊರಡಿಸಿದ ಬರಹಕ್ಕೆ ಸಾಹಿತ್ಯಕೃತಿಯ ಸ್ಥಾನವಿಲ್ಲ. ಯಂತ್ರವನ್ನು ಬಳಸಬೇಕೆಂದು ಬರಹಗಾರನನ್ನು ಬಲವಂತಪಡಿಸಕೂಡದು. ಅವನ ಕೈಗೆ ಕೊಟ್ಟ ಬರಹವು ಯಂತ್ರದ್ದಾದರೆ ಹಾಗೆಂದು ತಿಳಿಸತಕ್ಕದ್ದು: ಇವು ಒಪ್ಪಂದದಲ್ಲಿ ಸೇರಿದವು. ಇಲ್ಲಿ ಯಂತ್ರವನ್ನು ಒಡೆದವರಿಲ್ಲ, ನಿಷೇಧಿಸಿದವರೂ ಇಲ್ಲ. ಯಾವ ಕರಾರಿನ ಮೇಲೆ ಅದು ಕೆಲಸದ ಮನೆಯೊಳಗೆ ಬರಬೇಕೆಂದು ಕೆಲಸಗಾರರು ಕುಳಿತು ಮಾತಾಡಿದರು. ಚಾಪೆಕನ ಲೋಕದಲ್ಲಿ ಕೂಲಿಕಾರರಿಗೆ ಇಂಥ ಅವಕಾಶವೇ ಇರಲಿಲ್ಲ.

ಅಮೆರಿಕದ ಬರಹಗಾರರಿಗೆ ಸಂಘಬಲವಿತ್ತು, ಹೆಸರಿತ್ತು. ಅವೆರಡೂ ಇಲ್ಲದವರ ದುಡಿಮೆಯು ಮಾತಾಡುವ ಯಂತ್ರದ ಒಳಗೇ ಅಡಗಿದೆ. ಚಾಟ್‌ಜಿಪಿಟಿಯು ಅಸಭ್ಯವನ್ನು ನುಡಿಯದಂತೆ ತಿದ್ದುವುದಕ್ಕಾಗಿ ಕೆನ್ಯಾ ದೇಶದ ಕೆಲಸಗಾರರು ಹಿಂಸೆ ಅತ್ಯಾಚಾರಗಳ ವರ್ಣನೆಗಳನ್ನು ದಿನವಿಡೀ ಓದಿ ಗುರುತುಹಾಕಿದರೆಂದೂ, ಅವರ ಕೈಗೆ ಬಂದುದು ಗಂಟೆಗೆ 2 ಡಾಲರಿಗಿಂತ ಕಡಿಮೆಯೆಂದೂ 2023ರ ಜನವರಿಯಲ್ಲಿ ‘ಟೈಮ್’ ಪತ್ರಿಕೆಯು ಪ್ರಕಟಿಸಿತು. ರೋಬೋಟ್ ಎಂಬ ಹೆಸರಿನೊಳಗೆ ಯೋಸೆಫನು ಹುದುಗಿಸಿಟ್ಟಿದ್ದ ‘ರೊಬೊತ’ವು ಇಲ್ಲಿ ಹೊರಬಿದ್ದಿತು. ಇದಕ್ಕೆ ಬೇರೊಂದು ದಾರಿಯಿಲ್ಲವೆಂದೂ ಅಲ್ಲ. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆಯು ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ, ಯಂತ್ರಗಳಿಗೆ ಕನ್ನಡವನ್ನು ಕಲಿಸಲು ಆ ಧ್ವನಿಗಳನ್ನು ಸಂಗ್ರಹಿಸಿತು. ಗಂಟೆಗೆ ಸುಮಾರು 5 ಡಾಲರ್ ಕೂಲಿಯನ್ನಿತ್ತು, ಆ ಧ್ವನಿಸಂಗ್ರಹವು ಮರಳಿ ಮಾರಾಟವಾದರೆ ಓದಿದವರಿಗೂ ಪಾಲು ಸಲ್ಲುವಂತೆ ಏರ್ಪಡಿಸಿತು. ಯಂತ್ರದ ಬಾಯಲ್ಲಿ ಕೇಳುವ ಕನ್ನಡದ ಹಿಂದೆ ಹಳ್ಳಿಯ ಹೆಣ್ಣುಗಂಡುಗಳ ಕಂಠವಿದೆಯೆಂಬುದನ್ನು ಆ ಸಂಸ್ಥೆಯಾದರೂ ಲೆಕ್ಕದಲ್ಲಿ ಬರೆದುಕೊಂಡಿತು.

ಈ ನಾಟಕವನ್ನು ಕನ್ನಡ ರಂಗದ ಮೇಲೆ ತರುವವರು ದಂಗೆಯ ದೃಶ್ಯಗಳನ್ನು ಎಷ್ಟು ಮೊಟಕುಮಾಡಿದರೂ ನಷ್ಟವಿಲ್ಲ. ಪೂರ್ವರಂಗದ ಒಂದು ಮಾತನ್ನೂ ಬಿಡಕೂಡದು. ‘ರೋಬೋಟ್’ ಶಬ್ದಕ್ಕೆ ‘ಯಂತ್ರಮಾನವ’ ಬೇಡ. ‘ಬಿಟ್ಟಿಯಾಳು’ ಎಂದರೆ ಮೂಲಕ್ಕೆ ಹತ್ತಿರವಾಗುತ್ತದೆ. ಆ ಮಾತಿಗೂ ಒಂದು ತೊಡಕುಂಟು. ಹಿಂದೆ ‘ಬಿಟ್ಟಿ’ ಎಂದರೆ ಕೂಲಿಯಿಲ್ಲದೆ ದುಡಿಯುವುದು. ಇಂದಿನ ಬಳಕೆಯಲ್ಲಿ ಬಿಟ್ಟಿ ಎಂದರೆ ಬೆಲೆಯಿಲ್ಲದೆ ದೊರೆಯುವುದು. ಪಡೆಯುವವನ ಅರ್ಥವು ಉಳಿದು ದುಡಿದವನ ಅರ್ಥವು ಮರೆಯಾಗಿದೆ. ಹಳೆಯ ಅರ್ಥವು ಪ್ರೇಕ್ಷಕನಿಗೆ ಹೊಳೆಯುವಂತೆ ಮಾಡುವುದು ನಟನ ಉಚ್ಚಾರಣೆಗೂ ಅನುವಾದಕನ ಜಾಣ್ಮೆಗೂ ಸೇರಿದ್ದು.