ದನಿಯಿಲ್ಲದ ಅಳು ಕೇಳಿಸಿಕೊಳ್ಳುವವರು

ಮೂರು ತಿಂಗಳ ಕೂಸೊಂದನ್ನು ನೆನೆಸಿಕೊಳ್ಳಿ. ನಿನ್ನೆಯವರೆಗೆ ಚೆನ್ನಾಗಿ ಹಾಲು ಕುಡಿಯುತ್ತಿದ್ದದ್ದು ಈಗ ಏದುಸಿರು ಬಿಡುತ್ತಿದೆ. ಅಳುತ್ತಿದೆ, ದನಿ ಮಾತ್ರ ಹೊರಡುತ್ತಿಲ್ಲ. ದೂರದೇಶದಿಂದ ಸ್ವಯಂಸೇವೆಗೆ ಬಂದ ವೈದ್ಯರಿಗೆ ಇದು ನ್ಯುಮೋನಿಯಾ ಎನಿಸುತ್ತದೆ, ಇಲ್ಲವೇ ಹುಟ್ಟಿನಿಂದ ಬಂದ ಹೃದಯದ ತೊಂದರೆ. ಥಾಯ್ಲೆಂಡ್–ಬರ್ಮಾ ಗಡಿಯಲ್ಲಿ ಪಳಗಿದ ಮೆಡಿಕ್‌ಗೆ, ಅಂದರೆ ತರಬೇತಿ ಪಡೆದ ಸ್ಥಳೀಯ ಆರೋಗ್ಯ ಕಾರ್ಯಕರ್ತೆಗೆ, ಆ ದನಿಯಿಲ್ಲದ ಅಳುವೇ ಸುಳಿವು. ಇದು ಬೆರಿಬೆರಿ, ಥಯಾಮಿನ್ (ವಿಟಮಿನ್ ಬಿ1) ಕೊರತೆಯ ಕಾಯಿಲೆ. ಥಯಾಮಿನ್ ಚುಚ್ಚುಮದ್ದು ಕೊಟ್ಟರೆ ಕೆಲವೇ ಗಂಟೆಗಳಲ್ಲಿ ಮಗು ಚೇತರಿಸಿಕೊಳ್ಳುತ್ತದೆ. ತಡವಾದರೆ ಉಳಿಯುವುದಿಲ್ಲ.

ಬರ್ಮಾದಿಂದ ಬಂದ ಕರೆನ್ ಸಮುದಾಯದ ನಿರಾಶ್ರಿತರ ಕೂಸುಗಳನ್ನು ಒಂದು ಕಾಲಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಕೊಂದದ್ದು ಇದೇ ಕಾಯಿಲೆ. ಮೂಲ ಹಾಲೂಡಿಸುವ ತಾಯಿಯ ಊಟದಲ್ಲಿದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿ, ಥಯಾಮಿನ್ ಕೆಡಿಸುವ ಹುದುಗಿಸಿದ ಮೀನು, ಮೇಲೆ ಎಲೆಅಡಿಕೆ. ಸಾಲದ್ದಕ್ಕೆ ಬಾಣಂತನದ ಪಥ್ಯ. ಅದು ನಂಜು, ಇದು ಶೀತ ಎಂದು ಬಾಣಂತಿಯ ತಟ್ಟೆಯಿಂದ ಒಂದೊಂದೇ ಪದಾರ್ಥ ತೆಗೆಯುವುದನ್ನು ಕಂಡ ನಮ್ಮ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗಡಿಯ ಉಚಿತ ದವಾಖಾನೆಯಲ್ಲಿ ಸ್ವಯಂಸೇವೆ ಎಂದೊಡನೆ ನಮ್ಮ ಮನಸ್ಸಿನಲ್ಲಿ ಒಂದು ಚಿತ್ರ ಮೂಡುತ್ತದೆ. ಅದರಲ್ಲಿ ತಿಳಿದವರು ದೂರದಿಂದ ಬಂದಿರುತ್ತಾರೆ, ತಿಳಿಯದವರು ಸಾಲಿನಲ್ಲಿ ನಿಂತಿರುತ್ತಾರೆ. ಥಾಯ್ಲೆಂಡಿನ ಗಡಿಯೂರು ಮೇ ಸೋತ್‌ನ ಮೇ ತಾವ್ ಕ್ಲಿನಿಕ್ ಈ ಚಿತ್ರವನ್ನೇ ಅಳಿಸಿ ಬರೆದಿದೆ. ಅದರ ಅತಿ ದೊಡ್ಡ ಸಾಧನೆ ಇದೆಂದೇ ನನ್ನ ಎಣಿಕೆ.

ಕ್ಲಿನಿಕ್ಕಿನ ಕಥೆ ಹಲವರಿಗೆ ಗೊತ್ತಿರುವುದೇ. 1988ರಲ್ಲಿ ಬರ್ಮಾದ ಸೇನೆ ಜನರ ಚಳವಳಿಯನ್ನು ಗುಂಡಿನಿಂದ ಹತ್ತಿಕ್ಕಿದಾಗ ಕರೆನ್ ಸಮುದಾಯದ ಯುವ ವೈದ್ಯೆ ಸಿಂಥಿಯಾ ಮೌಂಗ್ ಕಾಡು ದಾಟಿ ಗಡಿಯ ಈಚೆಗೆ ಬಂದರು. 1989ರಲ್ಲಿ ಮರದ ಮನೆಯೊಂದರಲ್ಲಿ ಚಿಕಿತ್ಸೆ ಶುರು ಮಾಡಿದರು. ಉಪಕರಣಗಳನ್ನು ಕುದಿಸಲು ಇದ್ದದ್ದು ಅನ್ನದ ಕುಕ್ಕರ್. 2002ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಆದರೆ ಪ್ರಶಸ್ತಿಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಅವರು ಯಾರನ್ನು ಬೆಳೆಸಿದರು ಎಂಬುದು. ವೈದ್ಯರು ಸಿಗದ ಜಾಗದಲ್ಲಿ, ತಾವೇ ಊರು ಬಿಟ್ಟು ಬಂದಿದ್ದ ಹುಡುಗ ಹುಡುಗಿಯರನ್ನು ಮೆಡಿಕ್‌ಗಳಾಗಿ ತರಬೇತು ಮಾಡಿದರು. ಹೆರಿಗೆ, ಲಸಿಕೆ, ಮಕ್ಕಳ ವಾರ್ಡು ಎಲ್ಲವೂ ಅವರ ಕೈಯಲ್ಲಿ. ಹೊರಗಿನಿಂದ ಬಂದ ವೈದ್ಯರು ಈ ಮೆಡಿಕ್‌ಗಳ ಪಕ್ಕದಲ್ಲಿ ಕೂತು ಕಲಿಸಬೇಕು, ಕಲಿಯಬೇಕು. 1998ರಿಂದ ಬೆನ್ನಿಗೆ ಔಷಧಿಯ ಚೀಲ ಕಟ್ಟಿಕೊಂಡು ಬರ್ಮಾದ ಒಳಗಿನ ಹಳ್ಳಿಗಳಿಗೆ ನಡೆದು ಹೋಗುವ ತಂಡಗಳೂ ಹುಟ್ಟಿದವು.

ಹೊರಗಿನವರಿಂದ ಏನೂ ಆಗಲಿಲ್ಲ ಎಂದರೆ ಅನ್ಯಾಯವಾದೀತು. ಬೆರಿಬೆರಿಯ ಜಾಡು ಹಿಡಿದವರಲ್ಲಿ ಇದೇ ಗಡಿಯ ಶೋಕ್ಲೋ ಮಲೇರಿಯಾ ಸಂಶೋಧನಾ ಘಟಕದ ವೈದ್ಯರಿದ್ದಾರೆ. ಆದರೆ ಆ ಘಟಕ 1986ರಿಂದ ಅಲ್ಲೇ ಬೇರುಬಿಟ್ಟಿದೆ. ಅದರಿಂದ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ: ಅಲ್ಲಿನ ಜನರಲ್ಲಿ ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಕಿಣ್ವದ ಕೊರತೆ ಸಾಮಾನ್ಯ. ಅಂಥ ಶಿಶುವಿಗೆ ಬಟ್ಟೆಯ ನಡುವೆ ಇಟ್ಟ ನುಸಿಗುಳಿಗೆಯ ವಾಸನೆಯೇ ಕಾಮಾಲೆ ತರಬಲ್ಲದು. ಇಂಥದ್ದು ವರ್ಷಗಟ್ಟಲೆ ತಾಯಂದಿರ ಜೊತೆ ಮಾತಾಡಿದವರಿಗೆ ತಿಳಿಯುತ್ತದೆ. ಎರಡು ವಾರಕ್ಕೆಂದು ಬರುವ ವೈದ್ಯಕೀಯ ವಿದ್ಯಾರ್ಥಿಗೆ ಕರೆನ್ ಬಾರದು, ಬರ್ಮೀಸ್ ಬಾರದು. ಅವನಿಗೆ ಅನುವಾದ ಮಾಡಲು ಒಬ್ಬ ಮೆಡಿಕ್ ತನ್ನ ರೋಗಿಯನ್ನು ಬಿಟ್ಟು ಬರಬೇಕು. ಆ ಹೊತ್ತಿನ ಬೆಲೆಯನ್ನು ಸಾಲಿನಲ್ಲಿರುವ ಮಗು ತೆರುತ್ತದೆ. ಇಂಥ ಭೇಟಿಗಳನ್ನು ನಾನು ಸೇವೆ ಎನ್ನಲಾರೆ.

ಸ್ಟೆತೊಸ್ಕೋಪ್ ಹಿಡಿಯದವರಿಗೂ ಅಲ್ಲಿ ತೂಕದ ಕೆಲಸವಿದೆ. 2008ರ ಕಾನೂನು ತಿದ್ದುಪಡಿಯ ನಂತರ ಥಾಯ್ಲೆಂಡಿನಲ್ಲಿ ಹುಟ್ಟಿದ ಯಾವ ಮಗುವಾದರೂ, ತಂದೆತಾಯಿಗೆ ಕಾಗದಪತ್ರ ಇರಲಿ ಬಿಡಲಿ, ಜನನ ನೋಂದಣಿಗೆ ಅರ್ಹ. ಹೆದರಿದ ವಲಸೆ ತಾಯಿಯನ್ನು ಕಚೇರಿಯವರೆಗೆ ಕರೆದೊಯ್ದು ಆ ಕಾಗದ ಮಾಡಿಸಿಕೊಡುವುದೂ ಮಗುವಿನ ಆರೋಗ್ಯದ ಕೆಲಸವೇ.

ಈ ವ್ಯವಸ್ಥೆಯ ದೌರ್ಬಲ್ಯ ಹಣ. 2011ರ ನಂತರ ಬರ್ಮಾ ತುಸು ಬಾಗಿಲು ತೆರೆದಾಗ ದಾನಿಗಳು ಗಡಿ ಬಿಟ್ಟು ಒಳನಾಡಿನತ್ತ ಹೊರಟರು. 2021ರ ಫೆಬ್ರವರಿಯಲ್ಲಿ ಸೇನೆ ಮತ್ತೆ ಅಧಿಕಾರ ಕಸಿದುಕೊಂಡಿತು, ಜನ ಮತ್ತೆ ಗಡಿಯ ಮೊಯಿ ಹೊಳೆ ದಾಟಿದರು. 2025ರ ಜನವರಿಯಲ್ಲಿ ಅಮೆರಿಕ ನೆರವು ತಡೆಹಿಡಿದಾಗ ಗಡಿಯ ನಿರಾಶ್ರಿತ ಶಿಬಿರಗಳ ಆಸ್ಪತ್ರೆಗಳೇ ಬಾಗಿಲು ಹಾಕಿದವು.

ಹಣಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬೇರೊಂದು. ಎರಡು ವಾರ ಇದ್ದುಹೋದ ವಿದ್ಯಾರ್ಥಿ ಊರಿಗೆ ಮರಳಿ ಓದು ಮುಗಿಸಿ ವೈದ್ಯನಾಗುತ್ತಾನೆ. ದನಿಯಿಲ್ಲದ ಅಳುವನ್ನು ಗುರುತಿಸಿ ಮಗುವನ್ನು ಉಳಿಸಿದ ಮೆಡಿಕ್‌ನ ತರಬೇತಿಗೆ ಹೊಳೆಯ ಈ ದಡದಲ್ಲೂ ಆ ದಡದಲ್ಲೂ ಸರ್ಕಾರದ ಮಾನ್ಯತೆಯಿಲ್ಲ. ಮರುದಿನ ಬೆಳಿಗ್ಗೆ ಆಕೆ ಮತ್ತೆ ಅದೇ ವಾರ್ಡಿಗೆ ಬರುತ್ತಾಳೆ, ಮೊದಲ ತೊಟ್ಟಿಲಿನ ಮೇಲೆ ಬಾಗಿ ಕಿವಿಗೊಡುತ್ತಾಳೆ.